ಏನೂ ಆಗದ ದಿನದ ಬೆಲೆ

ಮಾಹಿತಿ ತಂತ್ರಜ್ಞಾನ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ಪುಣೆಯ ಹಿಂಜವಡಿ, ಹೈದರಾಬಾದಿನ ಹೈಟೆಕ್ ಸಿಟಿಗಳ ಗಾಜಿನ ಕಟ್ಟಡಗಳು. ಆದರೆ ಲೆಕ್ಕ ಪರಿಶೋಧಕರ ಕಚೇರಿಯ ಹತ್ತು ಕಂಪ್ಯೂಟರುಗಳನ್ನು, ವೈದ್ಯರ ಕ್ಲಿನಿಕ್ಕಿನ ಎರಡನ್ನು, ಹೋಟೆಲಿನ ಗಲ್ಲಾದ ಮೇಲೆ ಕುಳಿತ ಬಿಲ್ಲಿಂಗ್ ಯಂತ್ರವನ್ನು ದಿನವೂ ನಡೆಸಿಕೊಂಡು ಹೋಗುವವರು ಆ ಕಟ್ಟಡಗಳಲ್ಲಿ ಇಲ್ಲ. ಅವರು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ದೆಹಲಿಯ ನೆಹರೂ ಪ್ಲೇಸ್‌ಗಳಿಂದ ಬಿಡಿಭಾಗ ಕೊಂಡು, ಬೆನ್ನಿಗೆ ಚೀಲ ಏರಿಸಿ, ಕಚೇರಿಯಿಂದ ಕಚೇರಿಗೆ ಅಲೆಯುವ ಮೂರು ನಾಲ್ಕು ಜನರ ಸಣ್ಣ ಸಂಸ್ಥೆಗಳವರು. ಅವರ ಕೆಲಸಕ್ಕೆ ನಾವು ಕಟ್ಟುತ್ತಿರುವ ಬೆಲೆಯ ರೀತಿಯೇ ತಪ್ಪಾಗಿದೆ ಎಂಬುದು ಈ ಲೇಖನದ ವಾದ. ಆ ತಪ್ಪಿನಿಂದ ಅವರಷ್ಟೇ ಅಲ್ಲ, ಬೆಲೆ ಕೊಡುವ ನಾವೂ ನಷ್ಟ ಅನುಭವಿಸುತ್ತಿದ್ದೇವೆ.

ಈ ವ್ಯಾಪಾರ ನಡೆಯುವುದು ಎರಡು ರೀತಿಯಲ್ಲಿ. ಮೊದಲನೆಯದು, ಕೆಟ್ಟಾಗ ಕರೆಯುವುದು, ಬಂದು ಸರಿಪಡಿಸಿದ್ದಕ್ಕೆ ಹಣ ಕೊಡುವುದು. ಎರಡನೆಯದು, ವರ್ಷಕ್ಕೊಮ್ಮೆ ಒಪ್ಪಂದ ಮಾಡಿಕೊಂಡು, ಕೆಡಲಿ ಕೆಡದಿರಲಿ, ತಿಂಗಳಿಗೋ ಮೂರು ತಿಂಗಳಿಗೋ ನಿಗದಿತ ಮೊತ್ತ ಕೊಡುವುದು. ಬಳಕೆಯಲ್ಲಿ ಇದಕ್ಕೆ ಎಎಂಸಿ ಎಂಬ ಹೆಸರಿದೆ. ನಮ್ಮ ಬಹುಪಾಲು ಸಣ್ಣ ಕಚೇರಿಗಳಿಗೆ ಮೊದಲನೆಯದೇ ಇಷ್ಟ. ಕೆಲಸ ಕಣ್ಣಿಗೆ ಕಾಣುತ್ತದೆ, ಕೊಟ್ಟ ಹಣಕ್ಕೆ ಲೆಕ್ಕ ಸಿಗುತ್ತದೆ.

ಈ ಮೊದಲ ರೀತಿಯ ಲೆಕ್ಕವನ್ನು ಆಚೆ ಬದಿಯಿಂದಲೂ ಒಮ್ಮೆ ನೋಡೋಣ. ಒಬ್ಬ ತಂತ್ರಜ್ಞ ದಿನಕ್ಕೆ ನಾಲ್ಕು ಕಡೆ ಹೋಗಿಬರುತ್ತಾನೆ, ಪ್ರತಿ ಭೇಟಿಗೆ 400 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಮಹಾನಗರದ ಸಂಚಾರದಲ್ಲಿ ನಾಲ್ಕು ಎಂಬುದೇ ಉದಾರವಾದ ಅಂದಾಜು. ತಿಂಗಳಿಗೆ 25 ದಿನವಾದರೆ 40,000 ರೂಪಾಯಿ. ಅವನ ಸಂಬಳ 22,000, ಓಡಾಟ ಮತ್ತು ಫೋನಿಗೆ 4,000 ಕಳೆದರೆ ಉಳಿಯುವುದು 14,000. ಅಂಗಡಿಯ ಬಾಡಿಗೆ, ಕರೆ ಬಾರದ ದಿನಗಳು, ವಸೂಲಾಗದ ಬಿಲ್ಲುಗಳು, ಮಾಲೀಕನ ಸ್ವಂತ ಸಂಸಾರ, ಎಲ್ಲವೂ ಇದರಲ್ಲೇ ನಡೆಯಬೇಕು. ನಡೆಯುವುದಿಲ್ಲ. ಆದ್ದರಿಂದ ಅವನು ಬಿಡಿಭಾಗಗಳ ಮೇಲಿನ ಲಾಭವನ್ನು ನೆಚ್ಚುತ್ತಾನೆ. ಆ ಲಾಭವೂ ಈಗ ಕರಗಿದೆ. ಹಾರ್ಡ್ ಡಿಸ್ಕಿನ ಬೆಲೆ ಹೇಳಿ ಮುಗಿಸುವ ಮೊದಲೇ ಗ್ರಾಹಕನ ಮೊಬೈಲಿನಲ್ಲಿ ಅದಕ್ಕಿಂತ ಕಡಿಮೆಯ ಬೆಲೆ ತೆರೆದುಕೊಂಡಿರುತ್ತದೆ.

ಹೀಗೆ ಉಳಿಯುವ ದಾರಿ ಒಂದೇ: ಹೆಚ್ಚು ಕರೆಗಳು ಬರಬೇಕು. ಅಂದರೆ ನಮ್ಮ ಯಂತ್ರಗಳು ಹೆಚ್ಚು ಸಲ ಕೆಡಬೇಕು. ಇದು ಯಾರ ಪ್ರಾಮಾಣಿಕತೆಯ ಮೇಲಿನ ಆರೋಪವೂ ಅಲ್ಲ. ಈ ಕಸುಬಿನಲ್ಲಿ ವರ್ಷಗಳನ್ನು ಕಳೆದವನಾಗಿ ನಾನು ಕಂಡವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಆದರೆ ನಾವು ಆರಿಸಿಕೊಂಡ ವ್ಯವಸ್ಥೆಯಲ್ಲಿ ಅವರ ಆದಾಯ ಮತ್ತು ನಮ್ಮ ನೆಮ್ಮದಿ ವಿರುದ್ಧ ದಿಕ್ಕಿನಲ್ಲಿವೆ. ನಿಗದಿತ ಮೊತ್ತದ ಒಪ್ಪಂದದಲ್ಲಿ ಇದು ತಿರುವುಮುರುವಾಗುತ್ತದೆ. ಆಗ ಪ್ರತಿಯೊಂದು ಕೆಡುಕೂ ತಂತ್ರಜ್ಞನ ಖರ್ಚು. ಕೆಡದಂತೆ ನೋಡಿಕೊಳ್ಳುವುದೇ ಅವನ ಲಾಭ. ಇಬ್ಬರ ಹಿತವೂ ಒಂದೇ ಕಡೆ ಕೂಡಿಕೊಳ್ಳುತ್ತದೆ.

ಕೆಡದಂತೆ ನೋಡಿಕೊಳ್ಳುವ ಕೆಲಸದ ದೊಡ್ಡ ತೊಡಕೆಂದರೆ ಅದು ಕಾಣುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಲಾರಂಭಿಸಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ರಂದು, ತೇಪೆ ಬಿಡುಗಡೆ ಮಾಡಿತ್ತು. ಆ ತೇಪೆಯನ್ನು ಸಕಾಲದಲ್ಲಿ ಹಾಕಿದವರ ಕಚೇರಿಗಳಲ್ಲಿ ಆ ದಿನ ಎಂದಿನಂತೆ ಕೆಲಸ ನಡೆಯಿತು. ಯಂತ್ರಗಳು ಸ್ತಬ್ಧವಾದ ಕಡೆಗೆ ಓಡಿದವರು ಎಲ್ಲರ ಕಣ್ಣಿಗೂ ಬಿದ್ದರು. ಸ್ತಬ್ಧವಾಗದಂತೆ ಎರಡು ತಿಂಗಳ ಹಿಂದೆಯೇ ನೋಡಿಕೊಂಡವನಿಗೆ ಯಾರೂ ಫೋನು ಮಾಡಿ ಕೃತಜ್ಞತೆ ಹೇಳಿರಲಾರರು. ಏನೂ ಆಗಲಿಲ್ಲವಲ್ಲ!

ಬ್ಯಾಕಪ್ಪಿನ ವಿಷಯವೂ ಹೀಗೆಯೇ. ದತ್ತಾಂಶದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಕಚೇರಿಯ ಹೊರಗಿರಬೇಕು ಎಂಬುದು ಈ ಕ್ಷೇತ್ರದ ಹಳೆಯ ಸೂತ್ರ. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸರ್ವರಿಗೆ ಸದಾ ಜೋಡಿಸಿಯೇ ಇಟ್ಟ ಒಂದು ಡಿಸ್ಕು. ರಾನ್ಸಮ್‌ವೇರ್ ನುಗ್ಗಿದರೆ ಆ ಡಿಸ್ಕಿಗೂ ಬೀಗ ಬೀಳುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮಗೆ ಗೊತ್ತು. ಬಾವಿ ಇದೆಯೆಂದು ನೆಚ್ಚಿದವರು ಅದರಲ್ಲಿ ನೀರಿದೆಯೇ ಎಂದೂ ಆಗಾಗ ಇಣುಕಬೇಕು. ಬ್ಯಾಕಪ್ಪಿನಿಂದ ಒಂದು ಕಡತವನ್ನು ನಿಜವಾಗಿ ಹಿಂದಕ್ಕೆ ತೆಗೆದು ತೆರೆದು ನೋಡುವ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಆದರೆ ಕರೆಗೆ ತಕ್ಕ ಕೂಲಿಯ ಪದ್ಧತಿಯಲ್ಲಿ ಆ ಅರ್ಧ ಗಂಟೆಗೆ ಹಣ ಕೊಡುವವರು ಯಾರೂ ಇಲ್ಲ.

ಒಪ್ಪಂದಕ್ಕೆ ಬರುವ ಮೊದಲ ಆಕ್ಷೇಪ ದುಬಾರಿಯೆಂಬುದು. ಹತ್ತು ಕಂಪ್ಯೂಟರುಗಳ ಕಚೇರಿಯೊಂದು ಯಂತ್ರಕ್ಕೆ ತಿಂಗಳಿಗೆ 300 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 36,000 ರೂಪಾಯಿ ಆಗುತ್ತದೆ. ಅದೇ ಕಚೇರಿಯ ಹತ್ತು ಜನರ ಸರಾಸರಿ ಸಂಬಳ 20,000 ಎಂದಾದರೆ, ಒಂದು ದಿನ ಎಲ್ಲರೂ ಕೈಕಟ್ಟಿ ಕುಳಿತಾಗ ಸಂಬಳದ ಬಾಬ್ತಿನಲ್ಲೇ 8,000 ರೂಪಾಯಿ ನಷ್ಟ. ಅಂಥ ನಾಲ್ಕೂವರೆ ದಿನಗಳಿಗೆ ವರ್ಷದ ಒಪ್ಪಂದದ ಹಣ ಸಮವಾಯಿತು. ಆ ದಿನ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ 20ನೇ ತಾರೀಖೇ ಆಗಿದ್ದರೆ ದಂಡ, ಬಡ್ಡಿ, ಗ್ರಾಹಕರ ಸಿಟ್ಟುಗಳ ಲೆಕ್ಕ ಬೇರೆ.

ಎರಡನೆಯ ಆಕ್ಷೇಪ, ಈಗ ಎಲ್ಲವೂ ಕ್ಲೌಡಿಗೆ ಹೋಗಿದೆ, ಇನ್ನೇಕೆ ಈ ಜನ ಎಂಬುದು. ಕೆಲಸದ ಸ್ವರೂಪ ಬದಲಾಗಿದೆ ಎಂಬುದು ನಿಜ. ಆದರೆ ಕೆಲಸ ಬಿಟ್ಟುಹೋದ ನೌಕರನ ಇಮೇಲ್ ಖಾತೆ ಮುಚ್ಚಿದೆಯೇ, ಕಚೇರಿಗೆಲ್ಲ ಒಂದೇ ಪಾಸ್‌ವರ್ಡ್ ಇದೆಯೇ, ಹಂಚಿಕೊಂಡ ಕಡತಗಳನ್ನು ಯಾರು ಯಾರು ನೋಡಬಲ್ಲರು ಎಂಬುದನ್ನು ಕ್ಲೌಡ್ ತಾನಾಗಿ ನೋಡಿಕೊಳ್ಳುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟದ್ದು ನಮಗೆ ನೆನಪಿದೆ. ಅವುಗಳಲ್ಲಿ ಅಸಂಖ್ಯ ಯಂತ್ರಗಳನ್ನು ಎಬ್ಬಿಸಲು ಒಬ್ಬ ಮನುಷ್ಯ ಒಂದೊಂದರ ಎದುರೂ ಹೋಗಿ ಕುಳಿತುಕೊಳ್ಳಬೇಕಾಯಿತು.

ಮೂರನೆಯ ಆಕ್ಷೇಪದಲ್ಲಿ ಹುರುಳಿದೆ. ಒಪ್ಪಂದದ ಹಣ ತೆಗೆದುಕೊಂಡ ಮೇಲೆ ತಂತ್ರಜ್ಞ ಮುಖವನ್ನೇ ತೋರಿಸುವುದಿಲ್ಲ ಎಂಬ ದೂರು ಹಲವು ಕಡೆ ಕೇಳಿಬರುತ್ತದೆ, ಅದು ಸುಳ್ಳಲ್ಲ. ಕಾಣದ ಕೆಲಸಕ್ಕೆ ಹಣ ಕೇಳುವವನು ಆ ಕೆಲಸವನ್ನು ಕಾಣಿಸುವ ಹೊಣೆಯನ್ನೂ ಹೊರಬೇಕು. ತಿಂಗಳಿಗೊಂದು ಪುಟದ ವರದಿ ಸಾಕು: ಯಾವ ಯಂತ್ರಗಳಿಗೆ ಅಪ್‌ಡೇಟ್ ಆಯಿತು, ಯಾವ ಬ್ಯಾಕಪ್ಪಿನಿಂದ ಯಾವ ಕಡತ ತೆಗೆದು ಪರೀಕ್ಷಿಸಲಾಯಿತು, ಯಾವ ಯಂತ್ರದ ಆಯುಸ್ಸು ಮುಗಿಯುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳ್ಳುತ್ತದೆಂಬುದು ವರ್ಷಗಳ ಮೊದಲೇ ಪ್ರಕಟವಾಗಿದ್ದ ಸಂಗತಿ. ಅದನ್ನು ಗ್ರಾಹಕನಿಗೆ ಮುಂಚೆಯೇ ತಿಳಿಸಿ, ಕಂತುಕಂತಾಗಿ ಹಣ ಹೊಂದಿಸಿಕೊಳ್ಳಲು ಸಮಯ ಕೊಟ್ಟವನು ತನ್ನ ಒಪ್ಪಂದದ ಹಣವನ್ನು ಗಳಿಸಿದ್ದಾನೆ.

ಈ ಕಸುಬಿನವರು ಬಿಡಬೇಕಾದ ಅಭ್ಯಾಸಗಳೂ ಇವೆ. ಗ್ರಾಹಕ ಬಯಸಿದನೆಂದು ಕಳ್ಳಪ್ರತಿಯ ತಂತ್ರಾಂಶ ಹಾಕಿಕೊಡುವುದು ಅವುಗಳಲ್ಲಿ ಮೊದಲನೆಯದು. ಅದನ್ನು ಸಕ್ರಿಯಗೊಳಿಸುವ ಸಲಕರಣೆಯ ಜತೆಯಲ್ಲೇ ವೈರಸ್ಸು ಒಳಬರುವುದು ಸಾಮಾನ್ಯ. ಎರಡನೆಯದು, ಗ್ರಾಹಕನ ಡೊಮೇನ್ ಹೆಸರನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದು, ಪಾಸ್‌ವರ್ಡುಗಳನ್ನು ತನ್ನಲ್ಲೇ ಬಚ್ಚಿಟ್ಟುಕೊಂಡು ಗ್ರಾಹಕ ಬಿಟ್ಟುಹೋಗದಂತೆ ಕಟ್ಟಿಹಾಕುವುದು. ಇದು ಬೇಲಿಯೇ ಎದ್ದು ಹೊಲ ಮೇಯುವ ಕೆಲಸ. ಪಾಸ್‌ವರ್ಡುಗಳ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕನ ಬಳಿ ಇರಬೇಕು. ಒಪ್ಪಂದ ಮುಗಿದಾಗ ಎಲ್ಲವನ್ನೂ ಒಪ್ಪಿಸಿ ಹೋಗುವ ಷರತ್ತು ಮೊದಲ ದಿನವೇ ಬರಹದಲ್ಲಿರಬೇಕು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಆದೇಶಿಸಿದೆ. ಅಂಥ ಹೊತ್ತಿನಲ್ಲಿ ಯಾರು ಏನು ಮಾಡಬೇಕೆಂಬುದನ್ನೂ ಒಪ್ಪಂದ ಹೇಳಬೇಕು.

ಇನ್ನು ಹಣ ಕೊಡುವ ರೀತಿ. ನಮ್ಮ ವ್ಯಾಪಾರಿ ಲೋಕದಲ್ಲಿ ಎಲ್ಲರಿಗಿಂತ ಕೊನೆಗೆ ಹಣ ಸಿಗುವವರಲ್ಲಿ ಈ ತಂತ್ರಜ್ಞನೂ ಒಬ್ಬ. ‘ಮುಂದಿನ ವಾರ ನೋಡೋಣ’ ಎಂಬ ಮಾತಿಗೆ ಎಷ್ಟು ವಾರಗಳಾದರೂ ಆಗಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಿದ ಗಡುವಿನೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದು ಎಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ತಂದಿತು. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಅದನ್ನು ಎತ್ತಿ ಹೇಳಿದರೆ ಗ್ರಾಹಕನೇ ಕೈಬಿಟ್ಟುಹೋದಾನೆಂಬ ಅಂಜಿಕೆ ಸಣ್ಣ ಉದ್ಯಮಿಯ ಬಾಯಿ ಕಟ್ಟುತ್ತದೆ.

ಹೊರನಾಡಿನ ಕನ್ನಡಿಗರಾದ ನಾವು ಇಲ್ಲಿ ವಿಶೇಷವಾಗಿ ಯೋಚಿಸಬೇಕಾದದ್ದು ಇದೆ. ನಮ್ಮವರ ಹೋಟೆಲುಗಳಲ್ಲಿ, ಸಂಘಗಳ ಕಚೇರಿಗಳಲ್ಲಿ, ಕನ್ನಡ ಶಾಲೆಗಳಲ್ಲಿ ಯಂತ್ರ ಕೆಟ್ಟಾಗ ನೆನಪಾಗುವುದು ಪರಿಚಯದ ಕನ್ನಡಿಗ ಹುಡುಗ. ‘ನಮ್ಮವನೇ ಅಲ್ಲವೇ, ಒಮ್ಮೆ ಬಂದು ನೋಡಪ್ಪಾ’ ಎನ್ನುತ್ತೇವೆ. ಅವನು ಬರುತ್ತಾನೆ, ಒಂದು ಕಾಫಿಯೊಂದಿಗೆ ಲೆಕ್ಕ ಚುಕ್ತವಾಗುತ್ತದೆ. ಆತ್ಮೀಯತೆ ದೊಡ್ಡದು, ನಿಜ. ಆದರೆ ಅದರ ಭಾರವನ್ನು ಒಬ್ಬನೇ ಹೊರುತ್ತಿದ್ದಾನೆ. ಬಾಣಸಿಗನಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ ಈ ಮಾತನ್ನು ನಾವು ಆಡುವುದಿಲ್ಲ.

ಅದರಿಂದ ಕಳೆದುಹೋಗುವುದು ನಮ್ಮದೇ. ಸಂಘಗಳ ಸ್ಮರಣ ಸಂಚಿಕೆಗಳು, ಮಾಸಿಕಗಳು ಬಹುಕಾಲ ಸಿದ್ಧವಾದದ್ದು ಯೂನಿಕೋಡಿಗೆ ಮೊದಲಿನ ಕನ್ನಡ ಅಕ್ಷರವಿನ್ಯಾಸಗಳಲ್ಲಿ. ಆ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ಆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಕಡತಗಳನ್ನು ಫಾಂಟಿನ ಸಮೇತ ನಕಲಿಸಿ, ಯೂನಿಕೋಡಿಗೆ ಪರಿವರ್ತಿಸಿ, ಎರಡು ಕಡೆ ಇಡಲು ಕನ್ನಡ ಬಲ್ಲ ತಂತ್ರಜ್ಞನಿಗೆ ಕೆಲವು ದಿನಗಳ ಬಿಡುವು ಬೇಕು. ಕಾಫಿಯ ಲೆಕ್ಕದಲ್ಲಿ ಆ ದಿನಗಳು ಸಿಗುವುದಿಲ್ಲ. ವಾರ್ಷಿಕೋತ್ಸವದ ಹಾರ ತುರಾಯಿಗಳಿಗೆ ತೆಗೆದಿಡುವ ಹಣದ ಒಂದು ಪಾಲು ಅದಕ್ಕೆ ಸಾಕಾದೀತು.

ಮುಂದಿನ ಸಲ ಒಪ್ಪಂದದ ನವೀಕರಣಕ್ಕೆ ಯಾರಾದರೂ ಬಂದು ಕುಳಿತಾಗ, ‘ಈ ವರ್ಷ ಎಷ್ಟು ಸಲ ಬಂದೆ’ ಎಂದು ಕೇಳುವುದನ್ನು ಬಿಡೋಣ. ‘ಏನನ್ನು ಕೆಡದಂತೆ ನೋಡಿಕೊಂಡಿರಿ, ತೋರಿಸಿ’ ಎಂದು ಕೇಳೋಣ. ಅವನು ತೋರಿಸಬಲ್ಲವನಾದರೆ, ಚೌಕಾಸಿ ಮಾಡದೆ, ಗಡುವಿನೊಳಗೆ ಹಣ ಕೊಡೋಣ.