ಸುಂಟರಗಾಳಿಯೂ ಸರಕಾರದ ಹೊಣೆಯೂ

ಪ್ರಕೃತಿಯ ಕೋಪವನ್ನು ತಡೆಯುವ ಶಕ್ತಿ ಯಾವ ಸರಕಾರಕ್ಕೂ ಇಲ್ಲ. ಆದರೆ ಆ ಕೋಪದ ಸೂಚನೆ ದೊರೆತ ಮೇಲೂ ಪ್ರಜೆಗಳಿಗೆ ತಿಳಿಸದಿದ್ದರೆ ಆ ದೋಷ ದೈವದ್ದಲ್ಲ, ಮನುಷ್ಯರದು. 1989ನೆಯ ಇಸವಿ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತಪುರ, ಸಾಟುರಿಯಾ ಪ್ರದೇಶದ ಮೇಲೆ ಎರಗಿದ ಸುಂಟರಗಾಳಿಗೆ ಸುಮಾರು 1300 ಜನ ಬಲಿಯಾದರು. ಒಂದೇ ಸುಂಟರಗಾಳಿ ಇದಕ್ಕಿಂತ ಹೆಚ್ಚು ಪ್ರಾಣಗಳನ್ನು ಕೊಂಡೊಯ್ದುದು ದಾಖಲೆಯಲ್ಲಿಲ್ಲ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುರಿ ಜಿಲ್ಲೆಯಲ್ಲಿಯೂ ಅಂಥ ಗಾಳಿ ಕೆಲವೇ ನಿಮಿಷಗಳಲ್ಲಿ ಮನೆಗಳನ್ನು ಕೆಡವಿ ಜನರನ್ನು ಕೊಂದಿತು. ಇದು ಅಮೆರಿಕದವರ ಪಾಡು ಮಾತ್ರವೆಂದು ನಾವು ಸುಮ್ಮನಿರುವಂತಿಲ್ಲ.

ಚಂಡಮಾರುತವನ್ನೂ ಸುಂಟರಗಾಳಿಯನ್ನೂ ಒಂದೆಂದು ಎಣಿಸುವವರುಂಟು. ಚಂಡಮಾರುತವು ಸಮುದ್ರದ ಮೇಲೆ ಹುಟ್ಟಿ, ನೂರಾರು ಮೈಲಿ ಹರಡಿ, ದಿನಗಟ್ಟಲೆ ಮೊದಲೇ ಸುಳಿವು ಕೊಡುತ್ತದೆ. ಸುಂಟರಗಾಳಿಯ ಅಗಲ ಬಹುಮಟ್ಟಿಗೆ ಕೆಲವು ನೂರು ಗಜ. ಆಯುಸ್ಸು ಕೆಲವು ನಿಮಿಷ. ಚೈತ್ರ ವೈಶಾಖಗಳಲ್ಲಿ ಬಂಗಾಳ ಕೊಲ್ಲಿಯ ತೇವದ ಬಿಸಿಗಾಳಿ ನೆಲದ ಮೇಲೆ ಹರಿದುಬರುವಾಗ ಅದರ ಮೇಲ್ಗಡೆ ಪಶ್ಚಿಮದ ಒಣಗಾಳಿ ಬೀಸುತ್ತದೆ. ಕೆಳಗಿನ ಗಾಳಿ ಒಂದು ದಿಕ್ಕಿಗೂ ಮೇಲಿನದು ಇನ್ನೊಂದು ದಿಕ್ಕಿಗೂ ಹೆಚ್ಚು ವೇಗದಿಂದಲೂ ಚಲಿಸುವುದರಿಂದ ನಡುವೆ ಅಡ್ಡಲಾಗಿ ಸುರುಳಿಯೇಳುತ್ತದೆ. ಗುಡುಗುಮೋಡದೊಳಕ್ಕೆ ನುಗ್ಗುವ ಗಾಳಿಯು ಆ ಸುರುಳಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಅದು ಕಿರಿದಾದಂತೆಲ್ಲ ವೇಗ ಹೆಚ್ಚಿ, ಕೆಲವು ವೇಳೆ ನೆಲವನ್ನು ಮುಟ್ಟುತ್ತದೆ. ಮೋಡದೊಳಗಿನ ಈ ತಿರುಗಾಟವನ್ನು ಡಾಪ್ಲರ್ ರಾಡಾರ್ ಕಾಣಬಲ್ಲದು.

ಈ ವಿಷಯದಲ್ಲಿ ಅಮೆರಿಕದ ಇತಿಹಾಸ ನಮಗೆ ಪಾಠವಾಗಬೇಕು. ಜನ ಗಾಬರಿಯಾದಾರೆಂಬ ಶಂಕೆಯಿಂದ ಅಲ್ಲಿನ ಹವಾಮಾನ ಇಲಾಖೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ದಶಕಗಳ ಕಾಲ ಮುನ್ಸೂಚನೆಗಳಲ್ಲಿ ಸುಂಟರಗಾಳಿಯ ಹೆಸರನ್ನೇ ಎತ್ತಗೊಡಲಿಲ್ಲ. 1925ರ ಮಾರ್ಚ್ 18ರಂದು ಮೂರು ಸಂಸ್ಥಾನಗಳಲ್ಲಿ 695 ಜನ ಸತ್ತಾಗಲೂ ಆ ಮೌನ ಮುಂದುವರಿಯಿತು. 1948ರ ಮಾರ್ಚ್ 25ರಂದು ಓಕ್ಲಹೋಮಾದ ಟಿಂಕರ್ ವಿಮಾನನೆಲೆಯ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಧೈರ್ಯದಿಂದ ಮುನ್ಸೂಚನೆ ಕೊಟ್ಟರು; ಅಂದು ಸಂಜೆಯೇ ಗಾಳಿ ಬಂದಿತು. 1950ರಲ್ಲಿ ಆ ನಿರ್ಬಂಧವು ತೆಗೆಯಲ್ಪಟ್ಟಿತು. ತಿಳಿದವನು ಅಂಜುತ್ತಾನೆ, ನಿಜ. ಆದರೆ ತಿಳಿಯದವನು ಸಾಯುತ್ತಾನೆ.

ಎಚ್ಚರಿಕೆ ದೊರೆತವರು ಮಾಡಬೇಕಾದುದು ಸುಲಭವಾದುದೇ. ಗಟ್ಟಿ ಕಟ್ಟಡದ ಕೆಳ ಅಂತಸ್ತಿನಲ್ಲಿ, ಕಿಟಕಿಗಳಿಲ್ಲದ ಒಳಕೋಣೆಯನ್ನು ಸೇರಿ, ತಲೆಯನ್ನು ಮುಚ್ಚಿಕೊಂಡು ಕುಳಿತುಕೊಳ್ಳತಕ್ಕದ್ದು. ಕಿಟಕಿಗಳನ್ನು ತೆರೆದಿಟ್ಟರೆ ಮನೆ ಉಳಿಯುತ್ತದೆಂಬುದು ಸುಳ್ಳು ನಂಬಿಕೆ. ಸೇತುವೆಯ ಕೆಳಗೆ ನಿಲ್ಲಬಾರದು. ಬಯಲಿನಲ್ಲಿ ಬೇರೆ ಗತಿಯಿಲ್ಲದಾಗ ತಗ್ಗಿನಲ್ಲಿ ಬೋರಲು ಮಲಗಬೇಕು. ಹಾರುವ ತಗಡು, ಮರದ ತುಂಡುಗಳೇ ಹೆಚ್ಚಾಗಿ ಕೊಲ್ಲುತ್ತವೆ.

ಆದರೆ ತಗಡಿನ ಗುಡಿಸಲಿನಲ್ಲಿರುವ ಬಡವನಿಗೆ ಒಳಕೋಣೆಯೆಲ್ಲಿ? ಬಂಗಾಳದ ಹಳ್ಳಿಗಳಲ್ಲಿ ಹೆಚ್ಚು ಜನ ಸಾಯುವುದಕ್ಕೆ ಗಾಳಿಯಷ್ಟೇ ಬಡತನವೂ ಕಾರಣ. ಗ್ರಾಮಗ್ರಾಮಕ್ಕೆ ಆಶ್ರಯಯೋಗ್ಯವಾದ ಗಟ್ಟಿ ಶಾಲೆಯೊಂದನ್ನು ಕಟ್ಟಿಸುವುದೂ, ರಾಡಾರಿನಲ್ಲಿ ಕಂಡ ಅಪಾಯವನ್ನು ನಿಮಿಷಗಳೊಳಗಾಗಿ ಪ್ರತಿಯೊಬ್ಬನ ಫೋನಿಗೆ ಅವನ ಭಾಷೆಯಲ್ಲಿ ಮುಟ್ಟಿಸುವುದೂ ಸರಕಾರದ ಕರ್ತವ್ಯ. ಸತ್ತವರ ಮನೆಗೆ ಪರಿಹಾರಧನ ಕಳುಹಿಸುವುದು ದಯೆಯಾಗಬಹುದು. ಸಾಯದಂತೆ ಕಾಪಾಡುವುದೇ ರಾಜ್ಯಧರ್ಮವೆಂದು ನಾವು ತಿಳಿಯುತ್ತೇವೆ.