ಊರಿಗೂ ಒಂದು ಮಿತಿಯುಂಟು

ಅಮೆರಿಕದಲ್ಲಿ ನೆಲೆಸಿರುವ ನನ್ನ ಸಹಪಾಠಿಗಳು ಅಲಾಸ್ಕಾದ ಹಡಗು ಪ್ರವಾಸಕ್ಕೆ ಸಿದ್ಧತೆ ನಡೆಸಿ, ನನ್ನನ್ನೂ ಕರೆದಿದ್ದಾರೆ. ಬಾಲ್ಕನಿಯಿರುವ ಕ್ಯಾಬಿನ್ನೋ, ಕಿಟಕಿಯಿಲ್ಲದ ಅಗ್ಗದ ಕ್ಯಾಬಿನ್ನೋ. ಜುನೋ ಬಂದರಿನಲ್ಲಿ ಇಳಿದ ದಿನ ಮೆಂಡೆನ್‌ಹಾಲ್ ಹಿಮನದಿಯೋ, ತಿಮಿಂಗಿಲ ವೀಕ್ಷಣೆಯೋ ಎಂಬ ಚರ್ಚೆ ವಾರಗಟ್ಟಲೆ ಸಾಗಿದೆ. ಅದೇ ದಿನ ಆ ಊರಿಗೆ ಇನ್ನೆಷ್ಟು ಹಡಗುಗಳು ಬರುತ್ತವೆಂದು ಯಾರೂ ಕೇಳಲಿಲ್ಲ.

ಬೆಟ್ಟ ಮತ್ತು ಕಡಲಿನ ನಡುವಣ ಜುನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಸುಮಾರು 32 ಸಾವಿರ ಜನರ ಈ ಊರಿಗೆ 2023ರಲ್ಲಿ 16 ಲಕ್ಷಕ್ಕೂ ಅಧಿಕ ಹಡಗು ಪ್ರವಾಸಿಗರು ಬಂದರು. ಅವರಿಂದ ಸಂಪಾದನೆಯೂ ಉಂಟು, ದಟ್ಟಣೆ ಗದ್ದಲಗಳೂ ಉಂಟು. ಆದುದರಿಂದ ನಗರಾಡಳಿತವು ಹಡಗು ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡಿತು: 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳು; 2026ರಿಂದ ದಿನವೊಂದಕ್ಕೆ ಬರುವ ಹಡಗುಗಳ ಒಟ್ಟು ಹಾಸಿಗೆಗಳು 16 ಸಾವಿರ, ಶನಿವಾರ 12 ಸಾವಿರ ಮೀರಬಾರದು. ಶನಿವಾರ ದೊಡ್ಡ ಹಡಗುಗಳೇ ಬೇಡವೆಂಬ ಪ್ರಸ್ತಾವವನ್ನು ಮಾತ್ರ 2024ರ ಅಕ್ಟೋಬರಿನಲ್ಲಿ ಮತದಾರರು ತಿರಸ್ಕರಿಸಿದರು. ಜೀವನೋಪಾಯವೂ ಬೇಕು, ಮಿತಿಯೂ ಬೇಕು ಎಂಬುದೇ ಇದರ ತಾತ್ಪರ್ಯವೆಂದು ನನ್ನ ಭಾವನೆ.

ಗೋಮಾಳದಲ್ಲಿ ಎಷ್ಟು ದನ ಮೇಯಬಹುದೆಂಬ ಲೆಕ್ಕ ಮಲೆನಾಡಿಗರಿಗೆ ಹೊಸದಲ್ಲ. ರಜಾದಿನ ಮುಳ್ಳಯ್ಯನಗಿರಿಗೆ ಎಷ್ಟು ವಾಹನ ಹತ್ತಬಹುದೆಂಬುದೂ ಅದೇ ಲೆಕ್ಕ. ಅದನ್ನು ಹೊರಗಿನವರು ಹಾಕಿಕೊಡುವವರೆಗೆ ಕಾಯದೆ, ನಮ್ಮ ಗ್ರಾಮಸಭೆಗಳಲ್ಲಿ ನಾವೇ ಹಾಕಬೇಕು.

ಮಿತ್ರರಿಗೆ ನಾನು ಬರೆದುದಿಷ್ಟೆ: ಹಡಗುಗಳ ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಜನ ಕಡಿಮೆಯಿರುವ ದಿನವನ್ನು ಆರಿಸಿ. ದಡದ ಸುತ್ತಾಟಕ್ಕೆ ಆ ಊರಿನವರನ್ನೇ ಗೊತ್ತುಮಾಡಿ. ಕ್ಯಾಬಿನ್ನಿನ ಮಾತು ಆಮೇಲೆ.