ಸಯಾಂ ರಾಜಧಾನಿಯಲ್ಲಿ ಮೊದಲ ದಿನ

ಅರುವತ್ತು ತುಂಬಿದವನು ಪರದೇಶಕ್ಕೆ ಹೊರಟರೆ ನಮ್ಮ ಮೊಳಕಾಲ್ಮೂರಿನಲ್ಲಿ ಬುದ್ಧಿ ಹೇಳದೆ ಕಳುಹಿಸುವವರಿಲ್ಲ. ನೀರು ಕಾಯಿಸಿ ಕುಡಿಯಿರಿ ಎಂದವರು ಕೆಲವರು. ಹಣವನ್ನು ಎರಡು ಕಡೆ ಇಟ್ಟುಕೊಳ್ಳಿ ಎಂದವರು ಕೆಲವರು. ಚಳ್ಳಕೆರೆಯ ಬಸ್ಸು ನಿಲ್ದಾಣದವರೆಗೆ ಜತೆಗೆ ಬಂದ ನೇಕಾರ ಮಿತ್ರರೊಬ್ಬರು ಮಾತ್ರ ಬೇರೊಂದು ಪ್ರಶ್ನೆ ಹಾಕಿದರು: “ಅಲ್ಲ ಮೇಷ್ಟ್ರೇ, ನಿಮ್ಮ ಸಂಸ್ಕೃತ ಇಟ್ಕೊಂಡು ಅಲ್ಲಿ ಒಂದು ಲೋಟ ನೀರು ಕೇಳೋಕಾಗುತ್ತಾ?”

ಮೂವತ್ತು ವರ್ಷಕ್ಕೆ ಮಿಕ್ಕಿ ಆ ಭಾಷೆಯ ಪಾಠ ಹೇಳಿ ನಿವೃತ್ತರಾದ ನಮಗೆ ಇದು ಹೊಸ ಪ್ರಶ್ನೆಯಲ್ಲ. ತರಗತಿಯ ಹಿಂದಿನ ಸಾಲಿನಿಂದಲೂ ಹುಡುಗರ ತಂದೆಗಳ ಬಾಯಿಂದಲೂ ಬಗೆಬಗೆಯಾಗಿ ಕೇಳಿದ್ದೇವೆ. ಉತ್ತರ ಕೊಟ್ಟು ಸಮಾಧಾನಪಡಿಸಿದೆವೆಂದು ಹೇಳಲಾರೆವು. ಆದುದರಿಂದ ಬ್ಯಾಂಕಾಕಿನಲ್ಲಿ ಕಳೆದ ಮೊದಲ ದಿನದ ವೃತ್ತಾಂತವನ್ನು ಆ ಪ್ರಶ್ನೆಯ ಮೇಲೆ ಕಣ್ಣಿಟ್ಟೇ ವಾಚಕರ ಮುಂದಿಡುತ್ತೇವೆ.

ಬೆಂಗಳೂರಿನಿಂದ ಅಲ್ಲಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಚಳ್ಳಕೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹಿಡಿಯುವ ಹೊತ್ತೂ ಅದಕ್ಕೆ ಕಡಮೆಯದಲ್ಲ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. ಇಳಿಯುವ ನಿಲ್ದಾಣ 2006ರಲ್ಲಿ ತೆರೆದುದು, ಹೆಸರು ಸುವರ್ಣಭೂಮಿ. ಆ ಜನ ಅದನ್ನು ‘ಸುವನ್ನಫೂಮ್’ ಎನ್ನುತ್ತಾರೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಬಿ. ಎಲ್. ರೈಸ್ ಅವರು 1892ರಲ್ಲಿ ಗುರುತಿಸಿದ ಅಶೋಕನ ಶಾಸನವು ಸುವರ್ಣಗಿರಿಯ ಹೆಸರಿನಿಂದ ಮೊದಲಾಗುತ್ತದೆ. ಅಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳ ಆರೋಗ್ಯ ವಿಚಾರಿಸಿ ಅಪ್ಪಣೆ ಕಳುಹಿಸಿದ್ದಾರೆ. ಸಿಂಹಳದ ಮಹಾವಂಸದ ಪ್ರಕಾರ ಅದೇ ಅಶೋಕನ ಕಾಲದಲ್ಲಿ ಮಹಿಷಮಂಡಲಕ್ಕೆ ಮಹಾದೇವನೂ, ಸುವರ್ಣಭೂಮಿಗೆ ಸೋಣ ಉತ್ತರರೆಂಬ ಇಬ್ಬರೂ ಧರ್ಮ ಹೇಳಲು ಹೋದರು. ಮಹಿಷಮಂಡಲವೆಂದರೆ ಮೈಸೂರು ಸೀಮೆಯೆಂದು ಹೇಳುವವರುಂಟು. ಸುವರ್ಣಭೂಮಿಯನ್ನು ಬರ್ಮಾದವರೂ ತಮ್ಮದೆನ್ನುತ್ತಾರೆ, ಸಯಾಮಿನವರೂ ತಮ್ಮದೆನ್ನುತ್ತಾರೆ. ವ್ಯಾಜ್ಯ ಅವರಿಗಿರಲಿ.

ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಕೈಗೊಂದು ನಕಾಶೆ ಕೊಟ್ಟರು, ಒಬ್ಬರೇ ಹೊರಟೆವು. ಬೀದಿಯ ಮೇಲೆ ಕಂಬಗಳ ಆಧಾರದಲ್ಲಿ ಓಡುವ ರೈಲು ಅಲ್ಲಿ 1999ರಿಂದ ಇದೆ. ಒಳಗೆ ನಿಂತಿರಲು ಧ್ವನಿಯೊಂದು ‘ಸಥಾನೀ’ ಎಂದು ಕೂಗಿತು. ಸ್ಥಾನವೇ ಅದು, ನಿಲ್ದಾಣವೆಂಬ ಅರ್ಥ! ಒಂದು ನಿಲ್ದಾಣದ ಹಲಗೆಯ ಮೇಲೆ ‘ಅಸೋಕ್’ ಎಂದಿತ್ತು. ಚಕ್ರವರ್ತಿಯೇ ಎಂದು ಹಿಗ್ಗುವಂತಿಲ್ಲ. ಅಶೋಕಮಂತ್ರಿ ಎಂಬ ಬೀದಿ ಅಲ್ಲಿ ಹಾದುಹೋಗುತ್ತದೆ. ಒಂದು ಸೂತ್ರ ಕೈಗೆ ಸಿಕ್ಕಿದರೆ ಎಷ್ಟೋ ಹಲಗೆಗಳು ತಾವಾಗಿ ಬಾಯಿ ಬಿಡುತ್ತವೆ. ಪದಾಂತ್ಯದ ರೇಫವನ್ನು ಅವರು ನಕಾರವಾಗಿ ನುಡಿಯುತ್ತಾರೆ. ಬರೆಯುವಾಗ ಮಾತ್ರ ರೇಫವನ್ನು ಬಿಡರು. ನಗರ ‘ನಖೋನ್’ ಆಗುತ್ತದೆ, ಆಹಾರ ‘ಆಹಾನ್’, ವಿಹಾರ ‘ವಿಹಾನ್’. ನಮಸ್ಕಾರಕ್ಕೆ ಬದಲು ಹೇಳುವ ‘ಸವಾದ್ದೀ’ ನಮ್ಮ ಸ್ವಸ್ತಿ. ಅದು ಬಳಕೆಗೆ ಬಂದುದು ಈಚೆಗೆ, ಸರ್ಕಾರ 1943ರಲ್ಲಿ ವಿಧಿಸಿದ ಮೇಲೆ. 1782ರಲ್ಲಿ ಸ್ಥಾಪಿತವಾದ ರಾಜಧಾನಿಯ ಪೂರ್ಣನಾಮವನ್ನು ಬಿಡಿಸಿದರೆ ಮಹಾನಗರ, ಅಮರ, ರತ್ನ, ಇಂದ್ರ, ಅಯೋಧ್ಯಾ, ವಿಶ್ವಕರ್ಮ ಎಲ್ಲವೂ ಉದುರುತ್ತವೆ. ಬಾಣಭಟ್ಟನನ್ನು ಓದಿದವನಿಗೂ ಉಸಿರು ಕಟ್ಟುವ ಸಮಾಸವದು.

ಇಷ್ಟಾದರೂ ಬಾಯಾರಿದಾಗ ಈ ಪಾಂಡಿತ್ಯವೆಲ್ಲ ನಿಷ್ಪ್ರಯೋಜಕವಾಯಿತು. ಜಲವೆಂದರೂ ಉದಕವೆಂದರೂ ಅಂಗಡಿಯಾಕೆ ನಗುತ್ತಿದ್ದಳೇ ಹೊರತು ಕೈ ಚಾಚಲಿಲ್ಲ. ನೀರಿಗೆ ಅವರ ಮಾತು ‘ನಾಮ್’. ಅನ್ನ ‘ಖಾವ್’, ಮೀನು ‘ಪ್ಲಾ’. ಕಚೇರಿ, ಅರಮನೆ, ದೇವಾಲಯಗಳ ಮಾತು ಸಂಸ್ಕೃತದಿಂದಲೋ ಪಾಳಿಯಿಂದಲೋ ಬಂದುದು. ಅಡುಗೆಮನೆಯ ಮಾತು ಅವರ ಸ್ವಂತದ್ದು. ನಮ್ಮಲ್ಲಿ ಬೇರೆಯೇ? ನ್ಯಾಯಾಲಯ, ವಿದ್ಯಾಲಯಗಳು ಎರವಲು. ನೀರು, ಅಕ್ಕಿ, ಉಪ್ಪು ಕನ್ನಡ.

ಶಾಕಾಹಾರಿಗಳು ಎಚ್ಚರದಿಂದಿರಬೇಕಾದ ವಸ್ತು ‘ನಾಮ್ ಪ್ಲಾ’, ಎಂದರೆ ಮೀನಿನ ರಸ. ಬರಿಯ ತರಕಾರಿಯೆಂದು ತೋರುವ ಪಲ್ಯದಲ್ಲಿಯೂ ಅದು ಇರುತ್ತದೆ. ಪರಂಗಿಕಾಯಿಯ ಕೋಸಂಬರಿಯ ಮೇಲೆ ಕಡಲೆಕಾಯಿಬೀಜ ಕಂಡು ಚಳ್ಳಕೆರೆಯ ನೆನಪಿನಿಂದ ಕೈಹಾಕಬಾರದು. ಅದರೊಳಗೂ ಈ ರಸವಿದೆ, ಒಣ ಸೀಗಡಿಯೂ ಇದೆ. ಹಳದಿಯ ಮೇಲೆ ಕೆಂಪಕ್ಷರದ ಪತಾಕೆ ತೂಗುವ ‘ಜೇ’ ಅಂಗಡಿಗಳಲ್ಲಿ ಮಾಂಸವಿಲ್ಲ, ಮೀನಿಲ್ಲ, ಬೆಳ್ಳುಳ್ಳಿಯೂ ಇಲ್ಲ. ನಾವು ಅಲ್ಲಿ ಅನ್ನ ತೆಗೆದುಕೊಂಡು, ಮನೆಯವರು ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ ಕಲಸಿಕೊಂಡು ಉಂಡೆವು.

ಅರಮನೆಯ ಬಾಗಿಲ ಹತ್ತಿರ ಸಭ್ಯವಾಗಿ ಉಡುಪು ಧರಿಸಿದ ಗೃಹಸ್ಥನೊಬ್ಬ ಎದುರಾಗಿ, ಈ ದಿನ ಅರಮನೆ ಮುಚ್ಚಿದೆ, ಅಗ್ಗದಲ್ಲಿ ಬೇರೆ ದೇವಾಲಯ ತೋರಿಸುತ್ತೇನೆ, ಆಟೋ ಹತ್ತಿ ಎಂದನು. ಆ ಗಾಡಿಗಳು ಕೊನೆಗೆ ನಿಲ್ಲುವುದು ರತ್ನದ ಅಂಗಡಿಯ ಮುಂದೆ ಎಂದು ಮಗಳು ಮೊದಲೇ ಹೇಳಿದ್ದಳು. ಕೈಮುಗಿದು ಮುಂದೆ ನಡೆದೆವು. ಬಾಗಿಲು ತೆರೆದೇ ಇತ್ತು. ಒಳಗಿನ ಗೋಡೆಯ ಮೇಲೆ ರಾಮಾಯಣವೆಲ್ಲ ಚಿತ್ರಿತವಾಗಿದೆ. ಅವರ ಹನುಮಂತ ಬ್ರಹ್ಮಚಾರಿಯಲ್ಲ, ಹಲವು ಹೆಂಡಿರ ಗಂಡ! ನಮ್ಮ ಊರುಗಳ ಆಂಜನೇಯನ ಗುಡಿಯ ಮುಂದೆ ಈ ಸುದ್ದಿ ಹೇಳುವ ಧೈರ್ಯ ನಮಗಿಲ್ಲ.

ಸಮೀಪದ ವಾಟ್ ಫೋ ದೇವಾಲಯದಲ್ಲಿ ನಲವತ್ತಾರು ಮೀಟರ್ ಉದ್ದದ, ಮಲಗಿದ ಬುದ್ಧನನ್ನು ನೋಡಲು ಜನ ನುಗ್ಗುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದುದು ಗೋಡೆಯ ಕಲ್ಲುಗಳು. ಮೂರನೆಯ ರಾಮನೆಂಬ ಅರಸನು (1824–1851) ವೈದ್ಯ, ಛಂದಸ್ಸು ಮೊದಲಾದ ವಿದ್ಯೆಗಳನ್ನು ಎಲ್ಲರೂ ಓದಿಕೊಳ್ಳಲೆಂದು ಅಲ್ಲಿ ಕೆತ್ತಿಸಿದನು. ಆ ಕಲ್ಲುಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ ನಮ್ಮನ್ನು ಕಂಡು ಅಲ್ಲಿನ ತರುಣನೊಬ್ಬ ಇಂಗ್ಲಿಷಿನಲ್ಲಿ, ನೀವು ಯಾರೆಂದು ಕೇಳಿದನು. ಉಪಾಧ್ಯಾಯರೆಂದೆವು. “ಓ, ಆಚಾನ್!” ಎಂದು ಕೈಜೋಡಿಸಿ ತಲೆಬಾಗಿ, ಕುಳಿತುಕೊಳ್ಳಲು ನೆರಳು ತೋರಿಸಿದನು. ಆಚಾನ್ ಎಂಬುದು ಆಚಾರ್ಯ ಶಬ್ದವೇ. ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದೆಂಬ ಮಾತು ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಅದನ್ನು ತೋರಿಸಲು ಎಷ್ಟು ತರಗತಿಗಳನ್ನು ಬಿಸಿಲಿನಲ್ಲಿ ಕರೆದೊಯ್ದಿದ್ದೇವೋ ಲೆಕ್ಕವಿಲ್ಲ. ನಮ್ಮ ಕಣ್ಣು ಸ್ವಲ್ಪ ತೇವವಾಯಿತೆಂದು ಹೇಳಿದರೆ ವಾಚಕರು ನಗಬಾರದು.

ಅಲ್ಲಿರುವುದೆಲ್ಲ ನಮ್ಮದೇ ಎಂದು ಬೀಗುವ ಪ್ರವಾಸಿಗಳುಂಟು. ಆ ಮಾತು ನಮಗೆ ರುಚಿಸದು. ಕೇಶಿರಾಜನು ಅಪಭ್ರಂಶ ಪ್ರಕರಣದಲ್ಲಿ ತೋರಿಸುವಂತೆ ಕನ್ನಡವೂ ಬಂದ ಶಬ್ದಗಳನ್ನು ತನ್ನ ನಾಲಗೆಗೆ ಒಗ್ಗಿಸಿಕೊಂಡ ಭಾಷೆ. ಅದೇ ಆಚಾರ್ಯ ಶಬ್ದ ನಮ್ಮಲ್ಲಿ ‘ಆಚಾರಿ’ಯಾಗಿ ನೇಗಿಲು ಕೆತ್ತುತ್ತದೆ, ಅವರಲ್ಲಿ ‘ಆಚಾನ್’ ಆಗಿ ಪಾಠ ಹೇಳುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಬ್ರಹ್ಮಗಿರಿಯ ಆ ಶಾಸನವಾದರೂ ಪ್ರಾಕೃತದ್ದು. ಉತ್ತರದಿಂದ ಬಂದ ಮಾತೇ ಅದು.

ಹೋಗುವವರು ಮೊಣಕಾಲು, ಭುಜ ಮುಚ್ಚುವ ಬಟ್ಟೆ ತೊಡಬೇಕು. ಇಲ್ಲವಾದರೆ ಅರಮನೆಯೊಳಗೆ ಬಿಡರು. ಪದೇ ಪದೇ ಕಳಚಬೇಕಾದುದರಿಂದ ದಾರ ಕಟ್ಟುವ ಬೂಟು ಬೇಡ. ಸಂಜೆ ನದಿಯ ದೋಣಿಯಲ್ಲಿ ಹಿಂದಿರುಗುವುದು ಲೇಸು. ಬೀದಿಯ ವಾಹನಗಳ ನಡುವೆ ಸಿಕ್ಕಿಕೊಂಡರೆ ರಾತ್ರಿಯ ಊಟ ತಪ್ಪೀತು. ಎರಡನೆಯ ದಿನ ಬೆಳಗಿನಿಂದಲೇ ಮಳೆ ಹಿಡಿದುದರಿಂದ ಬರೆಯತಕ್ಕದ್ದೇನೂ ನಡೆಯಲಿಲ್ಲ.